ಪೋಲೆಂಡಿಗೆ ಸೇವೆಗೆ ಹೋಗ್ಲಿಕ್ಕಿದೆ, ಪೋಲಿಷ್ ಬಾಯಿಗೆ ಬರ್ತಾ ಇಲ್ಲ. ಕಲಿತವರು ಯಾರಾದ್ರೂ ಇದ್ದೀರಾ?

ಕಡಲ_ಹಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಕನ್ನಡದವಳು, ಕಾನ್ವೆಂಟ್ ಸಿಸ್ಟರ್, ನರ್ಸಿಂಗ್ ಆಗಿದೆ, ಸದ್ಯ ಬೆಂಗಳೂರಲ್ಲಿ ಇದ್ದೇನೆ. ಜನವರಿಯಲ್ಲಿ ನಮ್ಮ ಪ್ರೊವಿನ್ಶಿಯಲ್ ಮದರ್ ಕರೆದು, ಪೋಲೆಂಡಲ್ಲಿ ನಮ್ಮವರು ನಡೆಸುವ ವೃದ್ಧಾಶ್ರಮ ಉಂಟು, ಪ್ರಾಯದವರನ್ನು ನೋಡ್ಲಿಕ್ಕೆ ಜನ ಸಾಲ್ತಾ ಇಲ್ಲ, ಪ್ರಾರ್ಥನೆ ಮಾಡಿ ಯೋಚಿಸಿ ಹೇಳು ಅಂದ್ರು. ಎರಡು ದಿನ ಬಿಟ್ಟು ಹೂಂ ಅಂದೆ. ನಮ್ಮ ಮನೆಯಲ್ಲಿ ಪೋಲೆಂಡ್ ಅಂದ್ರೆ ಗೊತ್ತಿರುವುದು ಒಂದೇ, ಅಲ್ಲಿಯವರೇ ಆದ ಪೋಪ್, ಎರಡನೇ ಜಾನ್ ಪೌಲ್ ಪಾಪುಸ್ವಾಮಿ. 1986ರ ಫೆಬ್ರವರಿ 6ಕ್ಕೆ ಅವರು ಮಂಗಳೂರಿಗೆ ಬಂದಾಗ ನಮ್ಮ ಅಜ್ಜಿ ಬೆಳಿಗ್ಗೆ ಕತ್ತಲೆಗೇ ಎದ್ದು ನಡ್ಕೊಂಡು ಹೋಗಿದ್ರಂತೆ, ಆ ಫೋಟೋ ಇನ್ನೂ ಅಲ್ತಾರ್ ಹತ್ರ ಉಂಟು. ನಾನು ಪೋಲೆಂಡಿಗೆ ಹೋಗ್ತೇನೆ ಅಂದಾಗ ಅಜ್ಜಿ ಅತ್ತದ್ದು ಸಂತೋಷಕ್ಕೋ ಬೇಜಾರಿಗೋ ನಂಗೆ ಗೊತ್ತಾಗ್ಲಿಲ್ಲ.

ಈಗ ವಿಷಯಕ್ಕೆ ಬರ್ತೇನೆ. ಅಲ್ಲಿಂದಲೇ ಒಬ್ಬರು ಪೋಲಿಷ್ ಸಿಸ್ಟರ್ ವಾರಕ್ಕೆ ಮೂರು ದಿನ ವಿಡಿಯೋ ಕಾಲಲ್ಲಿ ಕ್ಲಾಸ್ ತಗೊಳ್ತಾರೆ, ಅವರಿಗೆ ಮಧ್ಯಾಹ್ನ ಎರಡು ಗಂಟೆ ಅಂದ್ರೆ ನಮಗೆ ಸಂಜೆ ಐದೂವರೆ. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಎದ್ದು ಪ್ರಾರ್ಥನೆ, ಪೂಜೆ, ಆಮೇಲೆ ಆಸ್ಪತ್ರೆ ಡ್ಯೂಟಿ, ಮುಗಿಸಿ ಬಂದು ಮುಖ ತೊಳೆದು ಕ್ಲಾಸಿಗೆ ಕೂತ್ಕೊಳ್ಳುವಾಗ ಕಣ್ಣು ಎಳೀತಾ ಇರ್ತದೆ. ಅಡುಗೆಮನೆ ಡಬ್ಬಗಳಿಗೆಲ್ಲ ಪೋಲಿಷ್ ಚೀಟಿ ಅಂಟಿಸಿದ್ದೇನೆ, ಬೇರೆ ಸಿಸ್ಟರ್‌ಗಳೂ ಈಗ ಉಪ್ಪಿಗೆ ಸುಲ್ ಅಂತಾರೆ. ಜಪಮಾಲೆ ಪೂರ್ತಿ ಪೋಲಿಷಲ್ಲಿ ಹೇಳ್ತೇನೆ. ಆದ್ರೆ ಟೀಚರ್ ‘ಇವತ್ತು ಏನು ಊಟ ಮಾಡಿದ್ರಿ’ ಅಂತ ಕೇಳಿದ್ರೆ ಬಾಯಿ ಕಟ್ಟಿ ಹೋಗ್ತದೆ. ಐದು ತಿಂಗಳಾಯ್ತು!

ನನ್ನ ಹೆದರಿಕೆ ಹೇಳ್ತೇನೆ. ಇಲ್ಲಿ ವಾರ್ಡಲ್ಲಿ ಕೊನೆ ಹೊತ್ತಲ್ಲಿ ಇರುವವರ ಹತ್ರ ಕೂತ್ಕೊಂಡು ನಂಗೆ ಅಭ್ಯಾಸ ಉಂಟು, ಅವರು ಮೆಲ್ಲ ಏನೋ ಹೇಳ್ತಾರೆ, ಮಗನಿಗೆ ಒಂದು ಮಾತು, ಇಲ್ಲ ನೀರು ಬೇಕು ಅಂತ, ಇಲ್ಲ ಸುಮ್ಮನೆ ಹಳೇ ಹೆಸರು. ಅಲ್ಲಿ ಒಬ್ಬ ಅಜ್ಜಿ ಹಾಗೆ ಹೇಳಿದ್ದು ನಂಗೆ ಅರ್ಥವೇ ಆಗದೆ ಅವರು ಹೋಗಿಬಿಟ್ರೆ? ಈ ಭಾಷೆ ಯಾವ ಕಡೆಯಿಂದ ಹಿಡಿದ್ರೆ ಸಿಗ್ತದೆ, ಹೋಗುವ ಮೊದಲು ಏನೆಲ್ಲ ತಯಾರಿ ಬೇಕು, ಅಲ್ಲಿ ಇದ್ದು ಬಂದವರು ಹೇಳಿ ದಯವಿಟ್ಟು.

ವ್ರೋತ್ಸ್ವಾಫ್_ಕನ್ನಡಿಗ ಉತ್ತರ:

ಸಿಸ್ಟರ್ ನಮಸ್ಕಾರ, ನಾನು ಮೈಸೂರಿನವನು, ಇಲ್ಲಿ ಪೋಲೆಂಡಿನ ವ್ರೋತ್ಸ್ವಾಫಲ್ಲಿ ಐಟಿ ಕೆಲಸ, ಆರು ವರ್ಷ ಆಯ್ತು. ನಂದು ಆಫೀಸಲ್ಲಿ ಇಂಗ್ಲಿಷಲ್ಲೇ ನಡೆಯುತ್ತೆ ಆದ್ರೆ ನೀವು ಹೋಗೋ ಕಡೆ ನಡೆಯಲ್ಲ, ಯಾಕಂದ್ರೆ ಇಲ್ಲಿನ ಅಜ್ಜ ಅಜ್ಜಿಯರು ಸ್ಕೂಲಿಗೆ ಹೋದ ಕಾಲದಲ್ಲಿ ಕಡ್ಡಾಯವಾಗಿ ಕಲಿಸ್ತಿದ್ದಿದ್ದು ರಷ್ಯನ್, ಇಂಗ್ಲಿಷ್ ಅಲ್ಲ. ಹಾಗಾಗಿ ನಿಮ್ಮ ಹೆದರಿಕೆ ಸರಿಯಾದದ್ದೇ, ಆದ್ರೆ ಕನ್ನಡದವರಿಗೆ ಈ ಭಾಷೆ ಅಂದುಕೊಂಡಷ್ಟು ದೂರ ಇಲ್ಲ.

ಮೊದಲು ಉಚ್ಚಾರಣೆ. ನಾವು ಇಂಗ್ಲಿಷ್ ಮಾತಾಡುವಾಗ ಟ ಡ ಹಾಕ್ತೀವಲ್ಲ ಅದನ್ನ ಬಿಟ್ಟುಬಿಡಿ, ಪೋಲಿಷಲ್ಲಿರೋದು ನಮ್ಮ ತ, ದ. ಹೌದು ಅನ್ನೋದಕ್ಕೆ ತಾಕ್, ಟಾಕ್ ಅಲ್ಲ. ಆಮೇಲೆ ಶ ಷ ಎರಡೂ ಬೇರೆ ಬೇರೆ ಇದಾವೆ. ನಮ್ಮ ಪ್ರೈಮರಿ ಮೇಡಂ ‘ಷ’ಗೆ ನಾಲಿಗೆ ಮೇಲೆ ಮಡಚು ಅಂತ ಹೇಳ್ಕೊಡ್ತಿದ್ರು, ಅದು ಇಲ್ಲಿ ಉಪಯೋಗಕ್ಕೆ ಬಂತು ನಂಗೆ. ಸಿಸ್ಟರ್ ಅನ್ನೋಕೆ ಶೋಸ್ತ್ರ, ಅದು ಶ. ಶಾಲೆಗೆ ಷ್ಕೋವ, ಅದು ಷ. ಚ ಕೂಡ ಹಾಗೇ ಗಟ್ಟಿ ಒಂದು ಮೆತ್ತಗೆ ಒಂದು. ಗೀಟು ಹಾಕಿದ ಎಲ್ ಅಕ್ಷರ ಇದೆಯಲ್ಲ ಅದು ವ ಥರ, ಅದಕ್ಕೇ ಮ್ಯಾಪಲ್ಲಿ ಲೋಡ್ಜ್ ಅಂತ ಕಾಣೋ ಊರಿನ ಹೆಸರು ನಿಜವಾಗಿ ವುಚ್, ನಿಮ್ಮ ಅಜ್ಜಿ ನೋಡಿದ ಪೋಪ್ ಹೆಸರು ಕರೋಲ್ ವೊಯ್ತಿವ. ಒತ್ತು ಹೆಚ್ಚು ಕಡಿಮೆ ಯಾವಾಗಲೂ ಕೊನೆಯಿಂದ ಎರಡನೇ ಅಕ್ಷರದ ಮೇಲೆ. ಕೆಲವು ಶಬ್ದ ಕನ್ನಡದಲ್ಲಿ ಸರಿಯಾಗಿ ಬರೆಯೋಕಾಗಲ್ಲ, ಹತ್ತಿರದ ಅಕ್ಷರ ಹಾಕಿದೀನಿ.

ಇನ್ನೊಂದು ತುಂಬಾ ಮುಖ್ಯ, ಭೂತಕಾಲದ ಕ್ರಿಯಾಪದದಲ್ಲಿ ಗಂಡು ಹೆಣ್ಣು ಬೇರೆ. ನಾನಿದ್ದೆ ಅನ್ನೋಕೆ ನಾನು ಬಿವೆಮ್ ಅಂತೀನಿ, ನೀವು ಬಿವಾಮ್ ಅನ್ನಬೇಕು. ಕನ್ನಡದಲ್ಲಿ ‘ನಾನು ಹೋದೆ’ ಎಲ್ಲರಿಗೂ ಒಂದೇ ಆದ್ದರಿಂದ ನಮಗೆ ಮರೆತುಹೋಗುತ್ತೆ. ನೀವು ಮಂಗಳೂರು ಕಡೆಯವರು, ಕೊಂಕಣಿ ಮನೆಮಾತಾಗಿದ್ರೆ ಅದರಲ್ಲಿ ಇದು ಇದ್ದೇ ಇದೆ ಅಂತ ಕೇಳಿದೀನಿ, ಹಾಗಾದ್ರೆ ನಿಮಗೆ ಸುಲಭ.

ಚಳಿ ಬಗ್ಗೆ ಜಾಸ್ತಿ ಹೇಳಲ್ಲ, ಕೋಟ್ ಬೂಟ್ ಇಲ್ಲಿಗೆ ಬಂದೇ ತಗೊಳ್ಳಿ. ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಲ್ಲಿ ವಾರ್ಸಾದಲ್ಲಿ ಮಧ್ಯಾಹ್ನ ಮೂರೂವರೆಗೆ ಮುಂಚೆನೇ ಸೂರ್ಯ ಮುಳುಗ್ತಾನೆ, ಮೊದಲನೇ ವರ್ಷ ಮನಸ್ಸು ಕುಗ್ಗುತ್ತೆ, ಅದಕ್ಕೆ ಮೊದಲೇ ತಯಾರಾಗಿರಿ. ಭಾನುವಾರ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತೆ, ಅದು ಕಾನೂನೇ.

ಧಾರವಾಡ_ಮಾಸ್ತರ್ ಉತ್ತರ:

ಸಿಸ್ಟರ್, ನನಗ ಪೋಲಿಷ್ ಬರಂಗಿಲ್ಲ, ಆದ್ರ ಮೂವತ್ತು ವರ್ಷ ಹೈಸ್ಕೂಲಿನ್ಯಾಗ ಕನ್ನಡ ಕಲಿಸೀನಿ, ಮತ್ತ ನಮ್ಮ ಮೊಮ್ಮಗಳು ಆ ವುಚ್ ಊರಾಗ ಮೆಡಿಕಲ್ ಓದ್ಲಿಕತ್ತಾಳ. ಆಕಿ ಮೊದಲ್ನೇ ವರ್ಷ ಫೋನ್ ಮಾಡಿ ಅಜ್ಜಾ ಇಲ್ಲಿ ವ್ಯಾಕರಣದಾಗ ಏಳು ಕೇಸ್ ಅದಾವ ತಲಿ ಕೆಟ್ಟೈತಿ ಅಂದ್ಳು. ಯಾವ್ಯಾವು ಹೇಳವ್ವ ಅಂದೆ. ಒಂದೊಂದ ಹೇಳಿದಂಗ ನಾ ಈ ಕಡೆ ಪ್ರಥಮಾ, ದ್ವಿತೀಯಾ ಅಂತ ಬರಕೋತ ಹೋದೆ. ನಮ್ಮ ಪಂಚಮಿ ಒಂದು ಬಿಟ್ಟು ಸಂಬೋಧನಾ ಸೇರಿಸಿದ್ರ ಅವ್ರ ಏಳೂ ಬಂದ್ವು ನೋಡ್ರಿ. ಶಾಲೆ, ಶಾಲೆಗೆ, ಶಾಲೆಯೊಳಗ ಅಂತ ನಾವು ಬಾಲ ಹಚ್ಚತೀವಿ, ಅವರೂ ಬಾಲ ಬದಲಿ ಮಾಡ್ತಾರ, ಮುಂದ ಒಂದ ಸಣ್ಣ ಶಬ್ದನೂ ಇಡ್ತಾರ. ಊರಿನ ಹೆಸರಿಗೂ ಬಿಡಂಗಿಲ್ಲಂತ. ಇಂಗ್ಲಿಷ್ ಮ್ಯಾಲಿಂದ ಕಲೀಬ್ಯಾಡ್ರಿ, ಕನ್ನಡದ ವಿಭಕ್ತಿ ಮ್ಯಾಲಿಂದ ಕಲೀರಿ. ಟೀಚರ್ ಹೇಳಿದ್ದರ ಪಕ್ಕದಾಗ ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’ ಅಂತ ಬರಕೋರಿ, ಸಾಕು.

ಇನ್ನ ಧೈರ್ಯದ ಮಾತು. ನಮ್ಮೂರಿಗೆ 1853ರಾಗ ಬಾಸೆಲ್ ಮಿಷನ್ನಿಂದ ಕಿಟೆಲ್ ಅಂತ ಇಪ್ಪತ್ತೊಂದು ವರ್ಷದ ಹುಡುಗ ಬಂದ. ಜರ್ಮನಿಯವ, ಬಂದಾಗ ಅವಗೂ ಕನ್ನಡ ಬಾಯಾಗ ಹೊಳ್ಳಿರಾಕಿಲ್ಲ. ಆಮ್ಯಾಲ 1872ಕ್ಕ ಕೇಶಿರಾಜನ ಶಬ್ದಮಣಿದರ್ಪಣ ಅಚ್ಚು ಹಾಕಿಸಿದ, 1894ಕ್ಕ ನಿಘಂಟು ಬಂತು. ನಲವತ್ತು ವರ್ಷದ ಕೆಲಸ ಅದು. ನಿಮಗ ಆಗಿದ್ದು ಐದು ತಿಂಗಳು.

ಒಂದ್_ಹಿಡಿ_ಕುಚ್ಲಕ್ಕಿ ಉತ್ತರ:

ಸಿಸ್ಟರ್, ನಾನೂ ಸಿಸ್ಟರೇ, ಬೇರೆ ಸಭೆಯವಳು, ಕುಂದಾಪುರದ ಕಡೆ. ಪೋಲೆಂಡಲ್ಲಿ ಒಂಬತ್ತು ವರ್ಷ ಇದ್ದು ಈಗ ಊರಿಗೆ ಬಂದಿದ್ದೇನೆ, ನಂದೂ ವೃದ್ಧಾಶ್ರಮದ್ದೇ ಕೆಲಸ ಆಗಿತ್ತು, ಹಾಗಾಗಿ ನಿಮ್ಮ ಪ್ರಶ್ನೆ ಓದಿ ಎರಡು ಸಲ ಬರೆದು ಅಳಿಸಿ ಈಗ ಕೂತು ಬರೀತಾ ಇದ್ದೇನೆ. ಉದ್ದ ಆಗ್ತದೆ, ಓದಿ.

ನೀವು ಜಪಮಾಲೆ ಬರ್ತದೆ ಮಾತು ಬರುದಿಲ್ಲ ಅಂತೀರಿ. ನಂದೂ ಹಾಗೇ ಇತ್ತು, ಆದ್ರೆ ಜಪಮಾಲೆಯ ಒಳಗೇ ಮಾತು ಉಂಟು, ಅದನ್ನು ಬಿಡಿಸಿ ನೋಡ್ಬೇಕು. ‘ಓಯ್ಚೆ ನಾಷ್’ ಅಂದ್ರೆ ‘ನಮ್ಮ ತಂದೆಯೇ’ ಅಂತ ಶುರು ಮಾಡ್ತೀರಲ್ಲ, ಅಪ್ಪ ಅನ್ನುದಕ್ಕೆ ಓಯ್ಚೆತ್ಸ್, ಕರೆಯುವಾಗ ಓಯ್ಚೆ. ಮಾಸ್ತರ್ ಹೇಳಿದ ಸಂಬೋಧನೆ ಅದೇ. ಮಾರಿಯ ಕರೆದ್ರೆ ಮಾರಿಯೊ, ಶೋಸ್ತ್ರ ಕರೆದ್ರೆ ಶೋಸ್ತ್ರೊ, ನಿಮ್ಮನ್ನು ದಿನಕ್ಕೆ ನೂರು ಸಲ ಹಾಗೇ ಕರೀತಾರೆ. ಅದೇ ಪ್ರಾರ್ಥನೆಯಲ್ಲಿ ‘ನಮ್ಮ ದಿನದ ರೊಟ್ಟಿಯನ್ನು ನಮಗೆ ಇಂದು ಕೊಡು’ ಅಂತ ಬರ್ತದಲ್ಲ, ಅದ್ರಲ್ಲಿ ಹ್ಲೆಬ ಅಂದ್ರೆ ರೊಟ್ಟಿ, ದಾಯ್ ಅಂದ್ರೆ ಕೊಡು, ಜಿಶಾಯ್ ಅಂದ್ರೆ ಇವತ್ತು. ಊಟದ ಮೇಜಿನ ಮಾತು ಪೂರ್ತಿ ಅಲ್ಲೇ ಉಂಟು ನೋಡಿ. ಇನ್ನು ಮೂರು ಗಂಟೆಗೆ ದೈವಿಕ ಕರುಣೆಯ ಜಪ ಹೇಳ್ತೀರಿ ತಾನೆ, ಆ ಜಪ ನಮಗೆ ಕೊಟ್ಟ ಸಂತ ಫೌಸ್ತೀನ ಅಲ್ಲಿನವರೇ, ಕ್ರಾಕುಫ್‌ನ ವಗ್ಯೆವ್ನಿಕಿಯಲ್ಲಿ 1938ರ ಅಕ್ಟೋಬರ್ 5ಕ್ಕೆ ತೀರಿಕೊಂಡದ್ದು. ಆ ಜಪದಲ್ಲಿ ಯೇಸುವಿನ ಬಗ್ಗೆ ‘ಅವರ ವೇದನೆಯ ಯಾತನೆಗಾಗಿ’ ಅನ್ನುವಲ್ಲಿ ಬೊಲೆಸ್ನೆಯ್ ಅಂತ ಒಂದು ಪದ ಉಂಟು. ನಾನು ತಿಂಗಳುಗಟ್ಟಲೆ ಸುಮ್ಮನೆ ಹೇಳ್ತಾ ಇದ್ದೆ. ಒಂದು ದಿನ ಒಬ್ರು ಅಜ್ಜಿ ಮೊಣಕಾಲು ಹಿಡ್ಕೊಂಡು ‘ಬೋಲಿ, ಶೋಸ್ತ್ರೊ, ಬೋಲಿ’ ಅಂದ್ರು, ಆಗ ತಟ್ಟಂತ ಹೊಳೀತು, ಅದೇ ಪದದ ಬೇರು, ನೋಯ್ತದೆ ಅಂತ. ಆ ದಿನದಿಂದ ಆ ಜಪವೂ ಬೇರೆಯೇ ಆಯ್ತು, ಮಾತೂ ಬರ್ಲಿಕ್ಕೆ ಶುರುವಾಯ್ತು. ‘ತ್ಸೊ ಪಾನ್ಯೊಂ ಬೋಲಿ’ ಅಂದ್ರೆ ನಿಮಗೆ ಏನು ನೋಯ್ತದೆ ಅಂತ, ಇದನ್ನು ಇವತ್ತೇ ಬಾಯಿಪಾಠ ಮಾಡಿ.

ಮರ್ಯಾದೆ ಬಗ್ಗೆ. ದೊಡ್ಡವರಿಗೆ ನೀನು ಅನ್ನುವ ಪದ ಹಾಕ್ಲೇಬೇಡಿ. ಹೆಂಗಸರಿಗೆ ಪಾನಿ, ಗಂಡಸರಿಗೆ ಪಾನ್, ‘ಪಾನಿ ಊಟ ಮಾಡಿದಾರಾ’ ಅಂತ ಮೂರನೆಯವರ ಹಾಗೆ ಕೇಳುದು. ನಿಮಗೂ ‘ಸಿಸ್ಟರಿಗೆ ಪುರುಸೊತ್ತು ಉಂಟಾ’ ಅಂತ ಹಾಗೇ ಕೇಳ್ತಾರೆ, ಬೇರೆ ಯಾರ ಬಗ್ಗೆಯೋ ಅಂತ ನಾನು ತಿರುಗಿ ನೋಡ್ತಿದ್ದೆ. ದಾರಿಯಲ್ಲಿ ನಿಮ್ಮನ್ನು ಕಂಡವರು ‘ಷ್ಚೆಂಶ್ಚ್ ಬೋಝೆ’ ಅಂತಾರೆ, ದೇವರು ಆಶೀರ್ವದಿಸಲಿ ಅಂತ, ಹಾಗೇ ತಿರುಗಿ ಹೇಳಿ. ಮತ್ತೆ ಉಪಕಾರಕ್ಕೆ ‘ಬುಗ್ ಜಪ್ವಾಚ್’, ದೇವರು ನಿಮಗೆ ಪ್ರತಿಫಲ ಕೊಡಲಿ ಅಂತ. ನಾವು ಕೊಂಕಣಿಯಲ್ಲಿ ‘ದೇವ್ ಬರೆಂ ಕರುಂ’ ಅನ್ನುದಿಲ್ವಾ, ಅದೇ ಭಾವನೆ. ಅದನ್ನು ಮೊದಲ ಸಲ ಕೇಳಿದಾಗ ನಂಗೆ ಮನೆಯ ಅಂಗಳ ಕಂಡ ಹಾಗಾಯ್ತು.

ಮನೆ ನೆನಪಿನ ವಿಷಯ ಬಂದದ್ದಕ್ಕೆ ಹೇಳ್ತೇನೆ, ಸೆಪ್ಟೆಂಬರ್ 8ಕ್ಕೆ ನಮಗೆ ಮೊಂತಿ ಫೆಸ್ತ್, ಅಂದ್ರೆ ಮರಿಯಮ್ಮನವರ ಹುಟ್ಟುಹಬ್ಬ, ತೆನೆ ಹಬ್ಬ, ಹೊಸ ಅಕ್ಕಿಯ ನೊವೆಂ ಊಟ. ಆ ದಿನ ಅಲ್ಲಿ ಅಳು ಬರ್ತದೆ ಅಂತ ನಾನು ಹೆದರಿದ್ದೆ. ಹೋದ್ರೆ ಅಲ್ಲಿ ಅದೇ ದಿನ ಬಿತ್ತನೆಯ ಮಾತೆಯ ಹಬ್ಬ, ರೈತರು ಬಿತ್ತನೆ ಕಾಳು ಇಗರ್ಜಿಗೆ ತಂದು ಆಶೀರ್ವಾದ ಮಾಡಿಸ್ತಾರೆ! ನಮ್ಮಲ್ಲಿ ಹೊಸ ತೆನೆ, ಅವರಲ್ಲಿ ಬೀಜ. ಕ್ರಿಸ್ಮಸ್ ಹಿಂದಿನ ರಾತ್ರಿ ಮೇಜಿನ ಬಟ್ಟೆ ಅಡಿಯಲ್ಲಿ ಒಣಹುಲ್ಲು ಇಟ್ಟು, ಹನ್ನೆರಡು ಬಗೆ ಮಾಂಸ ಇಲ್ಲದ ಅಡುಗೆ ಮಾಡಿ, ಹೇಳದೆ ಬರುವ ಅತಿಥಿಗೆ ಅಂತ ಒಂದು ತಟ್ಟೆ ಖಾಲಿ ಬಿಡ್ತಾರೆ. ಪೂಜೆಯಲ್ಲಿ ಕೊಡುವ ಅಪ್ಪದ ಹಾಗಿನ ತೆಳು ಹಾಳೆಯನ್ನು ಒಬ್ಬರಿಗೊಬ್ಬರು ಮುರಿದು ಕೊಟ್ಟು ಶುಭ ಹೇಳುದು. ಆಗ ಹೇಳ್ಲಿಕ್ಕೆ ನಾಲ್ಕು ವಾಕ್ಯ ಮೊದಲೇ ಕಲ್ತು ಇಟ್ಕೊಳ್ಳಿ, ಪ್ರತಿಯೊಬ್ಬರ ಹತ್ರವೂ ಹೋಗ್ಲಿಕ್ಕೆ ಉಂಟು. ಊಟಕ್ಕೆ ಹೆದರಬೇಡಿ, ಕಾಶ ಅಂತ ಧಾನ್ಯ ಬೇಯಿಸ್ತಾರೆ, ಗಂಜಿ ತಿಂದ ಹೊಟ್ಟೆಗೆ ಒಗ್ಗುತ್ತದೆ.

ಈಗ ನಿಮ್ಮ ಹೆದರಿಕೆ. ಮೊದಲ ವರ್ಷ ನಂಗೆ ಅರ್ಧಕ್ಕಿಂತ ಹೆಚ್ಚು ಅರ್ಥ ಆಗ್ಲಿಲ್ಲ, ಇದು ಸತ್ಯ, ಮುಚ್ಚಿಡುದಿಲ್ಲ. ಹಲ್ಲು ಇಲ್ಲದವರ ಮಾತು ಪುಸ್ತಕದಲ್ಲಿ ಇರುದಿಲ್ಲ. ಒಬ್ಬರು ತೀರಿಕೊಂಡ ರಾತ್ರಿ ಏನೋ ಮೂರು ಸಲ ಹೇಳಿದ್ರು, ನಂಗೆ ಗೊತ್ತಾಗ್ಲಿಲ್ಲ, ಶಬ್ದವನ್ನು ಹಾಗೇ ಕನ್ನಡದಲ್ಲಿ ಅಂಗೈ ಮೇಲೆ ಬರ್ಕೊಂಡು ಬೆಳಿಗ್ಗೆ ನಮ್ಮ ಹಿರಿಯ ಸಿಸ್ಟರಿಗೆ ಓದಿ ಹೇಳಿದೆ. ಕಿಟಕಿ ತೆರೆ ಅಂದದ್ದು ಅವರು. ನಾನು ತೆರೆದಿರ್ಲಿಲ್ಲ. ಅದು ಈಗಲೂ ನೋಯ್ತದೆ, ಆದ್ರೆ ಆ ಬರ್ಕೊಳ್ಳುವ ಅಭ್ಯಾಸ ನಾನು ಬಿಡ್ಲಿಲ್ಲ, ಒಂಬತ್ತು ವರ್ಷದಲ್ಲಿ ಹಾಗೇ ಹನ್ನೊಂದು ನೋಟ್‌ಬುಕ್ ಆಯ್ತು. ಹಾಗಾಗಿ ಮಾತಾಡುದಕ್ಕಿಂತ ಮೊದಲು ಕೇಳ್ಲಿಕ್ಕೆ ಕಲೀರಿ. ದಿನಾ ಪೋಲಿಷ್ ರೇಡಿಯೋ ಹಾಕಿ ಇಡಿ, ಅರ್ಥ ಆಗದಿದ್ರೂ ಆಗ್ಬಹುದು. ‘ಪ್ರೋಷೆ ಪೊವೋಲಿ’, ಮೆಲ್ಲ ಹೇಳಿ ಅಂತ. ‘ಯೆಸ್ತೆಮ್ ಪ್ಷಿ ಪಾನಿ’, ನಿಮ್ಮ ಪಕ್ಕ ಇದ್ದೇನೆ ಅಂತ. ಇದು ಎರಡು ಬಂದ್ರೆ ಮೊದಲ ರಾತ್ರಿ ಡ್ಯೂಟಿಗೆ ಕೂತ್ಕೊಳ್ಬಹುದು.

ಇನ್ನೊಂದು ಹೇಳಿ ನಿಲ್ಲಿಸ್ತೇನೆ. ಯುದ್ಧಕಾಲದಲ್ಲಿ ಸೈಬೀರಿಯದಿಂದ ಬಿಡುಗಡೆಯಾಗಿ ಬಂದ ಪೋಲಿಷ್ ಜನರಿಗೆ ನಮ್ಮ ದೇಶದಲ್ಲಿ ಕ್ಯಾಂಪ್ ಇತ್ತು, ಗುಜರಾತಿನ ಬಾಲಾಚಡಿಯಲ್ಲಿ ನವಾನಗರದ ಮಹಾರಾಜ ಜಾಮ್‌ಸಾಹೇಬರು ಅನಾಥ ಮಕ್ಕಳನ್ನು ಸಾಕಿದ್ರು, ಕೊಲ್ಹಾಪುರದ ವಳಿವಡೆಯಲ್ಲಿ 1943ರಿಂದ 48ರವರೆಗೆ ಸುಮಾರು ಐದು ಸಾವಿರ ಜನ ಇದ್ರು. ವಾರ್ಸಾದಲ್ಲಿ ಆ ಮಹಾರಾಜರ ಹೆಸರಲ್ಲಿ ಒಂದು ಚೌಕವೇ ಉಂಟು. ನಮ್ಮಲ್ಲಿದ್ದ ಒಬ್ರು ಅಜ್ಜಿ ಸಣ್ಣವರಿರುವಾಗ ವಳಿವಡೆಯಲ್ಲಿ ಇದ್ದವರು. ನಾನು ಇಂಡಿಯಾದವಳು ಅಂತ ಗೊತ್ತಾದ ದಿನ ನನ್ನ ಕೈ ಹಿಡಿದು ‘ಪಾನಿ’ ಅಂದ್ರು. ನನ್ನನ್ನೇ ಮರ್ಯಾದೆಗೆ ಪಾನಿ ಅಂತ ಕರೆದದ್ದೋ ಅಂದ್ಕೊಂಡೆ. ಅಲ್ಲ, ಲೋಟ ತೋರಿಸಿ ಮತ್ತೆ ಪಾನಿ ಅಂದ್ರು. ನೀರು! ಎಪ್ಪತ್ತು ವರ್ಷ ಆ ಪದವನ್ನು ಇಟ್ಕೊಂಡಿದ್ರು ಅವರು.

ಕಡಲ_ಹಕ್ಕಿ ಉತ್ತರ:

ಎಲ್ಲರಿಗೂ ತುಂಬಾ ಉಪಕಾರ, ಅಲ್ಲ, ಬುಗ್ ಜಪ್ವಾಚ್. ಸಿಸ್ಟರ್, ಕಿಟಕಿಯ ಮಾತು ಓದಿ ನಾನು ಸ್ವಲ್ಪ ಹೊತ್ತು ಚಾಪೆಲಲ್ಲಿ ಹೋಗಿ ಕೂತೆ. ಒಂದು ನೋಟ್‌ಬುಕ್ ತಗೊಂಡು ಬಂದೆ ಇವತ್ತೇ. ಮಾಸ್ತರೇ, ನಿಮ್ಮ ವಿಭಕ್ತಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ, ಕೊಂಕಣಿ ಮನೆಮಾತೇ ಹೌದು, ಬಂದೆ ಅನ್ಲಿಕ್ಕೆ ಗಂಡಸರು ಆಯ್ಲೊಂ ಹೆಂಗಸರು ಆಯ್ಲಿಂ ಅಂತ ನೆನಪು ಮಾಡಿದ್ರೆ ಬಿವಾಮ್ ತಪ್ಪುದಿಲ್ಲ.

ನಿನ್ನೆ ಕ್ಲಾಸಲ್ಲಿ ಟೀಚರ್ ಪುನಃ ಅದೇ ಕೇಳಿದ್ರು, ಇವತ್ತು ಏನು ಊಟ ಅಂತ. ಮನಸ್ಸಲ್ಲಿ ಓಯ್ಚೆ ನಾಷ್ ಹೇಳ್ಕೊಂಡು ಜಿಶಾಯ್ ಹಿಡಿದೆ, ಹ್ಲೆಬ ಹಿಡಿದೆ, ‘ಜಿಶಾಯ್ ಯಾದ್ವಾಮ್ ಹ್ಲೆಪ್’ ಅಂದೆ. ತಿಂದದ್ದು ಚಪಾತಿ, ಇರ್ಲಿ. ಅವರು ಸ್ಕ್ರೀನಲ್ಲಿ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ್ರು, ಕೂಡ್ಲೇ ಯಾವುದರ ಜೊತೆ ಅಂತ ಕೇಳಿದ್ರು, ಅಲ್ಲಿ ನಿಂತೆ. ಬದನೆಕಾಯಿ ಪಲ್ಯ ಇತ್ತು. ಬದನೆಗೆ ಏನಂತಾರೆ, ಯಾರಿಗಾದ್ರೂ ಗೊತ್ತುಂಟಾ?

ವ್ರೋತ್ಸ್ವಾಫ್_ಕನ್ನಡಿಗ ಉತ್ತರ:

ಬಕ್ವಾಝಾನ್. ಜೊತೆಗೆ ಅನ್ನೋಕೆ ಜ್ ಬಕ್ವಝಾನೆಮ್. ಇಲ್ಲಿ ಅಂಗಡಿಗಳಲ್ಲಿ ದಪ್ಪದ್ದು ಸಿಗುತ್ತೆ ಸಿಸ್ಟರ್, ಎಣ್ಣೆಗಾಯಿಗೆ ಆಗಲ್ಲ ಆದ್ರೆ ಪಲ್ಯಕ್ಕೆ ಚೆನ್ನಾಗಿರುತ್ತೆ.