ಜರಿಗಿಡದ ಎಲೆ: ಸಯಾನೊಟೈಪೂ ಕೆಡುತ್ತಿದೆ, ಜಲವರ್ಣವೂ ಕೆಡುತ್ತಿದೆ

ಹವ್ಯಾಸಿ_ಕುಂಚ:
ಒಂದೇ ಎಲೆ, ಎರಡು ಮಾಧ್ಯಮ. ಸಯಾನೊಟೈಪಿನಲ್ಲಿ (ರಾಸಾಯನಿಕ ಬಳಿದ ಕಾಗದದ ಮೇಲೆ ಎಲೆಯಿಟ್ಟು ಬೆಳಕಿಗೆ ಹಿಡಿದು, ತೊಳೆದು ಪಡೆಯುವ ನೀಲಿ ಅಚ್ಚು) ಅಂಚು ಮಸುಕು, ತೊಳೆದರೆ ನೀಲಿ ಅರ್ಧಕ್ಕರ್ಧ ಹರಿದುಹೋಗುತ್ತದೆ. ಜಲವರ್ಣದಲ್ಲಿ ಹಸಿರಿನ ಮೇಲೆ ಹೂಕೋಸಿನಂಥ ಕಲೆ. ಎರಡಕ್ಕೂ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಕಾಗದ, ಬೋರ್‌ವೆಲ್ ನೀರು. ಮಲೆನಾಡು, ಜಡಿಮಳೆ. ಮೋಡದ ನಡುವೆ 10 ನಿಮಿಷ ಬೆಳಕಿಗಿಡುತ್ತೇನೆ.

ನೀಲಿಗಾರ:
ಮೋಡದಲ್ಲಿ 10 ನಿಮಿಷ ಏನೇನೂ ಸಾಲದು. ಗಡಿಯಾರ ಬಿಡಿ, ಬಣ್ಣ ನೋಡಿ: ಎಲೆಯ ಸುತ್ತಲಿನ ಜಾಗ ಹಳದಿ-ಹಸಿರಿನಿಂದ ನೀಲಿಗೆ ತಿರುಗಿ, ಕೊನೆಗೆ ಬೂದಿ ಮಿಶ್ರಿತ ಕಂಚಿನ ಬಣ್ಣಕ್ಕೆ ಬರಬೇಕು. ಅದಕ್ಕೂ ಮೊದಲೇ ತೊಳೆದರೆ ನೀಲಿ ನಿಲ್ಲುವುದಿಲ್ಲ.

ಇನ್ನೊಂದು ಕಾರಣ ಕ್ಷಾರ. ಜಲವರ್ಣದ ಕಾಗದಗಳಿಗೆ ಬಾಳಿಕೆಗೆಂದು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಕ್ಷಾರ ಈ ನೀಲಿಯನ್ನು ತಿನ್ನುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದೂ ಸೇರಿತು. ಮೊದಲ ತೊಳೆತಕ್ಕೆ ಒಂದು ಲೀಟರ್ ನೀರಿಗೆ ಒಂದು ಚಮಚ ಬಿಳಿ ವಿನಿಗರ್ ಹಾಕಿ. ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು, ನಿಮ್ಮಲ್ಲಿ ಅದಕ್ಕೇನು ಬರ!

ದ್ರಾವಣ ಹೀಗೆ: 100 ಮಿ.ಲೀ. ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್. ಬೇರೆ ಬಾಟಲಿಯಲ್ಲಿ 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಬಳಿಯುವ ಮುಂಚೆ ಮಾತ್ರ ಸಮಸಮ ಬೆರೆಸಿ. ಕೈಗವಸು ಬೇಕು, ಅಡುಗೆ ಪಾತ್ರೆ ಬೇಡ. ಬಳಿದ ಕಾಗದ ತೇವದ ಹವೆಯಲ್ಲಿ ತಾನಾಗಿಯೇ ಹಸಿರು-ನೀಲಿಗೆ ತಿರುಗುತ್ತದೆ. ಆ ದಿನವೇ ಮುಗಿಸಿ.

ಮಸುಕು ಅಂಚಿಗೆ ಕಾರಣ ಎಲೆ ಕಾಗದಕ್ಕೆ ಅಂಟಿ ಕೂರದಿರುವುದು. ಹಳೇ ಪೇಪರಿನ ನಡುವೆ ಭಾರ ಹೇರಿ 3-4 ದಿನ ಒತ್ತಿಡಿ, ಪೇಪರ್ ದಿನಾ ಬದಲಿಸಿ. ಮೇಲೆ ಗಾಜು, ನಾಲ್ಕೂ ಕಡೆ ಕ್ಲಿಪ್. ಎಲೆಯಡಿಯ ಬೀಜಕಣದ ಗಂಟುಗಳು ಮೇಲ್ಮುಖವಾಗಿರಲಿ.

ಹಸಿರುಪೆಟ್ಟಿಗೆ:
ಹೂಕೋಸು ಬರುವುದು ಅರ್ಧ ಒಣಗಿದ ಬಣ್ಣಕ್ಕೆ ಅದಕ್ಕಿಂತ ಒದ್ದೆಯಾದ ಕುಂಚ ತಾಗಿದಾಗ. ಕಾಗದವನ್ನು ಓರೆಯಾಗಿ ನೋಡಿ. ನೀರಿನ ಹೊಳಪು ಆರಿದ ಮೇಲೆ ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಮಳೆಗಾಲದಲ್ಲಿ ಹೇರ್ ಡ್ರೈಯರ್ ಇಲ್ಲದೆ ಆಗದು. ಒಣಗಿತೋ ಎಂದು ಕೈಯ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಒದ್ದೆ.

ಬಣ್ಣ ತಾಗದಂತೆ ಬಳಿದು ಆಮೇಲೆ ಕೀಳುವ ಮಾಸ್ಕಿಂಗ್ ಫ್ಲೂಯಿಡ್ ತೇವದ ಕಾಗದದೊಳಗೆ ಇಳಿದು, ಕೀಳುವಾಗ ಕಾಗದವನ್ನೇ ಹರಿಯುತ್ತದೆ. ಅದರ ಬದಲು ಎಲೆಯ ಎಸಳುಗಳ ನಡುವಿನ ಕತ್ತಲನ್ನು ಬರೆಯಿರಿ, ಎಸಳು ತಾನೇ ಎದ್ದು ಬರುತ್ತದೆ. ಥ್ಯಾಲೋ ಹಸಿರು (ಕಣ್ಣು ಕುಕ್ಕುವ ನೀಲಿ-ಹಸಿರು) ಒಂದನ್ನೇ ಬಳಸಿದರೆ ಪ್ಲಾಸ್ಟಿಕ್ ಗಿಡದಂತೆ ಕಾಣುತ್ತದೆ. ಚಿಟಿಕೆ ಬರ್ನ್ಟ್ ಸಿಯೆನ್ನಾ (ಕೆಂಪು-ಕಂದು ಬಣ್ಣ) ಬೆರೆಸಿ.

ಹವ್ಯಾಸಿ_ಕುಂಚ:
ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಹರಿದುಹೋದ ನೀಲಿ ಮರಳುತ್ತದಾ?

ನೀಲಿಗಾರ:
ಇಲ್ಲ. ಗಾಳಿಗೆ ಒಂದು ದಿನದಲ್ಲಿ ಗಾಢವಾಗುವ ನೀಲಿಯನ್ನು ಅದು ಕ್ಷಣದಲ್ಲಿ ತೋರಿಸುತ್ತದೆ, ಅಷ್ಟೇ. ಕಾಗದದಲ್ಲಿ ಉಳಿದ ನೀಲಿಗೆ ಮಾತ್ರ ಅದರ ಕೆಲಸ.