ಅಪ್‌ಡೇಟ್: ಹಸೆ ಚಿತ್ತಾರದ ಫ್ರೇಮಿನೊಳಗೆ ಬೂಷ್ಟು
ಸಾಗರದ ನಮ್ಮ ಗ್ಯಾಲರಿಯಲ್ಲಿ ಗಾಜಿನ ಒಳಗೇ ಹಸೆ ಚಿತ್ತಾರಗಳಿಗೆ (ಮಲೆನಾಡಿನ ಜನಪದ ಚಿತ್ರಗಳು) ಬೂಷ್ಟು ಹಿಡಿಯುತ್ತಿದೆ, ಏನು ಮಾಡೋದು ಅಂತ ಜೂನ್‌ನಲ್ಲಿ ಕೇಳಿದ್ದೆ. ಮಳೆಗಾಲ ಮುಗಿಯಿತು, ಈಗ ಧೈರ್ಯವಾಗಿ ಹೇಳಬಹುದು.

ತಪ್ಪು ಫ್ರೇಮಿನಲ್ಲೇ ಇತ್ತು. ಕಾಗದ ಗಾಜಿಗೆ ತಾಗಿಕೊಂಡಿತ್ತು, ಫ್ರೇಮಿನ ಬೆನ್ನು ಮಳೆ ಹೊಡೆಯುವ ಹೊರಗೋಡೆಗೆ. ಚಿತ್ತಾರದ ಬಿಳಿ ಅಕ್ಕಿಹಿಟ್ಟಿನದು. ಬೂಷ್ಟಿಗೆ ಇನ್ನೆಂಥಾ ಊಟ ಬೇಕು! ಈಗ ಗಾಜಿಗೂ ಕಾಗದಕ್ಕೂ ನಡುವೆ ಆಮ್ಲರಹಿತ ರಟ್ಟಿನ 4 ಮಿ.ಮೀ. ದಪ್ಪದ ಮೌಂಟ್ (ಚಿತ್ರದ ಸುತ್ತಲಿನ ಅಂಚು) ಇದೆ. ಹಿಂಬದಿಯ ನಾಲ್ಕೂ ಮೂಲೆಗೆ ಕಾರ್ಕ್ ಬಿಲ್ಲೆ ಅಂಟಿಸಿದ್ದರಿಂದ ಗೋಡೆಯಿಂದ 1 ಸೆಂ.ಮೀ. ಗಾಳಿ ಆಡುತ್ತದೆ. ಹೊರಗೋಡೆಗೆ ಈಗ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಕೃತಿಗಳು ಮಾತ್ರ.

ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ತಂದೆವು. ಕಿಟಕಿ ತೆರೆದು ಓಡಿಸಿದರೆ ಇಡೀ ಮಲೆನಾಡನ್ನೇ ಒಣಗಿಸಲು ಹೊರಟಂತೆ, ಹಾಗಾಗಿ ಎಲ್ಲ ಮುಚ್ಚಿಯೇ ಓಡಿಸುವುದು. ತೇವಾಂಶ ಅಳೆಯುವ ಹೈಗ್ರೋಮೀಟರ್ ಶೇ. 60 ದಾಟಬಾರದು. ನೀರಿನ ಡಬ್ಬಿ ತುಂಬಿದರೆ ಯಂತ್ರ ತಾನೇ ನಿಂತುಬಿಡುತ್ತದೆ. ರಾತ್ರಿಗೆ ಪೈಪ್ ಹಾಕಿ ನೀರನ್ನು ಹೊರಗೆ ಬಿಡಿ.

ಹಿಡಿದ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ, ಚಿತ್ತಾರದ ಕೆಂಪಿನ ಕೆಮ್ಮಣ್ಣು ಕದಡುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಗ್ಯಾಲರಿಯಿಂದ ಆಚೆ ಒಯ್ದು ಮೆತ್ತನೆಯ ಒಣ ಬ್ರಷ್‌ನಿಂದ ಸವರಿ. ಪುಡಿ ಹೋಗುತ್ತದೆ, ಕಪ್ಪು ಚುಕ್ಕೆ ಹೋಗುವುದಿಲ್ಲ. ಅಂಥ ಮೂರು ಚಿತ್ರಗಳನ್ನು ಮಾರಾಟದಿಂದ ತೆಗೆದಿದ್ದೇವೆ.