ಪುಟ್ಟಿ, ಆ ‘ಹೂ ಹೂ’ ವಿಡಿಯೋ ಬಗ್ಗೆ

ಪುಟ್ಟಿ, ಟೈಪ್ ಮಾಡೋಕೆ ಕನ್ನಡಕ ಸಿಗ್ತಿಲ್ಲ, ಮಾತಲ್ಲೇ ಹೇಳ್ತೀನಿ ಕೇಳು. ಹೆರಿಗೆ ನೋವು ಶುರುವಾದ ತಕ್ಷಣ ಆ ವಿಡಿಯೋದಲ್ಲಿದ್ದ ಹಂಗೆ ‘ಹೂ ಹೂ’ ಅಂತ ಜೋರಾಗಿ ಉಸಿರಾಡ್ಬೇಕಾ ದೊಡ್ಡಮ್ಮ ಅಂತ ಕೇಳಿದ್ಯಲ್ಲ, ಬೇಡ ಕಣೇ. ಚೊಚ್ಚಲು ಹೆರಿಗೆ, ಹತ್ತು ಹನ್ನೆರಡು ಗಂಟೆ ಹಿಡಿದ್ರೂ ಹಿಡೀತು. ಮೊದಲಿಂದಲೇ ಏದುಸಿರು ಬಿಟ್ರೆ ತಲೆ ಸುತ್ತುತ್ತೆ, ತುಟಿ, ಬೆರಳತುದಿ ಜುಮ್ ಅನ್ನುತ್ತೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿ ಹಂಗಾಗೋದು. ನಾನು ಕೆಲಸ ಮಾಡ್ತಿದ್ದ ಹೆರಿಗೆ ವಾರ್ಡಲ್ಲಿ ಎಷ್ಟೋ ಹುಡುಗೀರು ನೋವಿಗಿಂತ ಇದಕ್ಕೇ ಹೆದರ್ತಿದ್ರು.

ಆ ಉಸಿರಾಟ ಲಮಾಜ್ ಅನ್ನೋ ಫ್ರೆಂಚ್ ಡಾಕ್ಟ್ರಿಂದ ಬಂದಿದ್ದು. 1951ರಲ್ಲಿ ಸೋವಿಯತ್ ರಷ್ಯಾದಲ್ಲಿ ನೋಡ್ಕೊಂಡು ಬಂದು ಪ್ಯಾರಿಸಲ್ಲಿ ಶುರು ಮಾಡಿದ್ರು. ಈಗ ಅವರ ಹೆಸರಲ್ಲಿ ಕಲಿಸೋರೇ ಹಿಂಗೇ ಉಸಿರಾಡು ಅಂತ ಹಠ ಹಿಡಿಯಲ್ಲ.

ನೋವು ಏರುತ್ತೆ, ತುದೀಲಿ ನಿಲ್ಲುತ್ತೆ, ಇಳಿಯುತ್ತೆ. ಹೆಚ್ಚುಕಮ್ಮಿ ಒಂದು ನಿಮಿಷ. ಮೂಗಿಂದ ನಾಲ್ಕು ಎಣಿಸೋಷ್ಟು ಒಳಗೆ, ಬಿಸಿ ಸಾರು ಊದಿ ಆರಿಸ್ತೀವಲ್ಲ, ಹಂಗೆ ಬಾಯಿಂದ ಆರು ಎಣಿಸೋಷ್ಟು ಹೊರಗೆ. ಹಿಂಗೆ ಆರು ಸಲ ಮಾಡೋಷ್ಟರಲ್ಲಿ ಒಂದು ನೋವು ಇಳಿದಿರುತ್ತೆ. ಲೆಕ್ಕ ತಪ್ಪಿದ್ರೆ ತಪ್ಪಲಿ, ಬಿಡೋ ಉಸಿರು ಉದ್ದ ಇರಲಿ. ಹಲ್ಲು ಕಚ್ಚಬೇಡ, ಭುಜ ಇಳಿಬಿಡು. ಪುಟ್ಟಿ ಅಮ್ಮ, ನೀನೂ ಕೇಳಿಸ್ಕೊ, ಅವಳಿಗೆ ‘ಕೂಗಬೇಡ, ಯಾರಾದ್ರೂ ಕೇಳಿಸ್ಕೊಂಡಾರು’ ಅಂತ ಮಾತ್ರ ಅನ್ನಬೇಡ. ನರಳಿದ್ರೂ ಉಸಿರು ಹೊರಗೇ ಹೋಗೋದು.

ಇನ್ನು ಮುಕ್ಕೋದು, ಅಂದ್ರೆ ಮಗು ಹೊರಗೆ ಬರಲಿ ಅಂತ ಕೆಳಗೆ ಒತ್ತೋದು. ಗರ್ಭಕೋಶದ ಬಾಯಿ ಪೂರ್ತಿ, 10 ಸೆಂಟಿಮೀಟರ್, ತೆರೆಯೋವರೆಗೂ ಮುಕ್ಕಬಾರ್ದು. ಆದ್ರೆ ಅದಕ್ಕೆ ಮುಂಚೇನೇ ಮುಕ್ಕಬೇಕು ಅನ್ನಿಸಿಬಿಡುತ್ತೆ. ನಿನ್ನ ‘ಹೂ ಹೂ’ ಆಗ ಬೇಕು. ಸಣ್ಣಸಣ್ಣದಾಗಿ ಊದ್ತಾ ಇದ್ರೆ ಹೊಟ್ಟೆಗೆ ಬಿಗಿ ಬರಲ್ಲ. ಮಗು ತಲೆ ಹೊರಗೆ ಬರೋವಾಗಲೂ ಸಿಸ್ಟರ್ ಊದು ಅಂತಾರೆ, ತಲೆ ನಿಧಾನವಾಗಿ ಬರಲಿ ಅಂತ. ನಾವೆಲ್ಲ ಆಗ ‘ಉಸಿರು ಬಿಗಿಹಿಡಿ, ಮುಕ್ಕು ಮುಕ್ಕು’ ಅಂತ ಕಿರುಚ್ತಿದ್ವಿ, ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಮೈ ತಾನಾಗೇ ಒತ್ತಿದಾಗ ಜೊತೆಗೆ ಒತ್ತಿದ್ರೆ ಸಾಮಾನ್ಯವಾಗಿ ಸಾಕು.

ಉಸಿರಿಂದ ನೋವು ಮಾಯ ಆಗಲ್ಲ, ಸುಳ್ಳು ಹೇಳಲ್ಲ. ತಡೆಯೋಕಾಗದಿದ್ರೆ ಎಪಿಡ್ಯೂರಲ್, ಅಂದ್ರೆ ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್, ಕೇಳು, ಅದರಲ್ಲಿ ಸೋಲೇನಿಲ್ಲ. ನೀರು ಒಡೆದ್ರೆ, ರಕ್ತ ಕಂಡ್ರೆ, ಮಗು ಆಡೋದು ಕಮ್ಮಿ ಅನ್ನಿಸಿದ್ರೆ ಉಸಿರು ಎಣಿಸ್ತಾ ಕೂರಬೇಡ, ನೇರ ಆಸ್ಪತ್ರೆಗೆ ಹೊರಡು.

ರಾತ್ರಿ ಊಟ ಆದ್ಮೇಲೆ ವಿಡಿಯೋ ಕಾಲ್ ಮಾಡು. ಫ್ರಿಜ್ಜಿಂದ ಒಂದು ಐಸ್ ಕ್ಯೂಬ್ ತಗೊಂಡಿರು, ಅದನ್ನ ಮುಷ್ಟೀಲಿ ಒಂದು ನಿಮಿಷ ಹಿಡಿದು, ಅದರ ಕೊರೆತಾನೇ ನೋವು ಅಂದ್ಕೊಂಡು ಉಸಿರಾಟ ಅಭ್ಯಾಸ ಮಾಡೋಣ. ನಿಮ್ಮನೆಯವರನ್ನೂ ಕೂರಿಸ್ಕೊ, ಎಣಿಸೋ ಕೆಲಸ ಅವರದ್ದು.